ಕೊಡದ ಕೂಲಿ

ಓಕ್ಲೆಂಡ್
೧೮ ಮೇ ೧೯೯೭, ಭಾನುವಾರ

ಪ್ರೀತಿಯ ಮಗಳು ಲುಬ್ನಾಗೆ ನಿನ್ನ ಅಬ್ಬಾ ಮಾಡುವ ದುವಾ.

ನಿನ್ನ ಕೆಮ್ಮು ಕಡಿಮೆಯಾಯಿತೇ? ಸೀಮೆಸುಣ್ಣದ ಧೂಳು ಆಗದಿದ್ದರೆ ಬೋರ್ಡಿನ ಮೇಲೆ ಮಕ್ಕಳ ಕೈಯಿಂದಲೇ ಬರೆಸು, ಅವರ ಅಕ್ಷರವೂ ದುಂಡಗಾಗುತ್ತದೆ. ಗದಗಿನಲ್ಲಿ ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತಿದೆ? ಇಲ್ಲಿ ನಿನ್ನ ಅಮ್ಮಿಗೆ ಲಕ್ವಾ ಹೊಡೆದು ಹದಿನಾಲ್ಕು ತಿಂಗಳಾಯಿತು. ಬಲಗೈ, ಬಲಗಾಲು ಹಾಗೇ ಇವೆ. ಮಾತು ಮಾತ್ರ ಸುಧಾರಿಸಿದೆ. ನನ್ನನ್ನು ಬಯ್ಯುವಾಗ ಒಂದಕ್ಷರವೂ ತಪ್ಪುವುದಿಲ್ಲ.

ನಿನ್ನ ತಮ್ಮ ಮಾಝ್ ಹೆಂಡತಿ ಮಕ್ಕಳೊಂದಿಗೆ ಸ್ಯಾನ್ ಮಟಿಯೋದಲ್ಲಿ ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿದ್ದಾನೆ. ಕಂಪ್ಯೂಟರ್ ಕಂಪನಿಗಳು ದಿನಕ್ಕೊಂದರಂತೆ ಹುಟ್ಟುತ್ತಿವೆ, ಬಾಡಿಗೆ ವರ್ಷಕ್ಕೆರಡು ಸಲ ಏರುತ್ತದೆ. ಅವನು ಏರ್‌ಪೋರ್ಟಿನಲ್ಲಿ ಹದಿನಾಲ್ಕು ಗಂಟೆ ಟ್ಯಾಕ್ಸಿ ಓಡಿಸುತ್ತಾನೆ. ರಂಜಾನ್ ಈದಿಗೆ ಬಂದವನು ಮತ್ತೆ ಬಂದಿಲ್ಲ. ಅವನನ್ನು ಬಯ್ಯಬೇಡ. ನಮ್ಮಿಬ್ಬರ ಊಟ, ಬಾಡಿಗೆ ಸರ್ಕಾರ ಮುದುಕರಿಗೆ ಕೊಡುವ ಚೆಕ್ಕಿನಿಂದ ನಡೆಯುತ್ತದೆ. ಅಮ್ಮಿಯ ಔಷಧ ಅದರ ಜೊತೆಗಿನ ಕಾರ್ಡಿನಿಂದ. ಈಗ ಹೊಸ ಕಾನೂನು ಬಂದಿದೆ. ಈ ದೇಶದ ಪ್ರಜೆಗಳಲ್ಲದವರಿಗೆ ಆಗಸ್ಟಿನಿಂದ ಎರಡೂ ಇಲ್ಲವಂತೆ. ಪ್ರಜೆಗಳಾಗಲು ನಮ್ಮಿಬ್ಬರ ಇಂಟರ್‌ವ್ಯೂ ಜೂನ್ ಒಂಬತ್ತಕ್ಕೆ ಇದೆ. ಡಾಕ್ಟರರ ಪತ್ರದಿಂದ ಅಮ್ಮಿಗೆ ಪರೀಕ್ಷೆ ಮಾಫಿಯಾಗಿದೆ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ ಜೋಡಿಸುತ್ತ ಓದು ಕಲಿತ ನಾನು, ಅರವತ್ತೊಂಬತ್ತನೇ ವಯಸ್ಸಿನಲ್ಲಿ ಇವರ ಅಧ್ಯಕ್ಷರ ಹೆಸರುಗಳನ್ನು ಬಾಯಿಪಾಠ ಮಾಡುತ್ತಿದ್ದೇನೆ.

ಎದುರು ಬಾಗಿಲಿನ ಅರ್ನೆಸ್ಟೀನಳ ಬಗ್ಗೆ ನಿನಗೆ ಹೆಚ್ಚು ಬರೆದಿಲ್ಲ. ಕಪ್ಪು ಜನರ ಪೈಕಿ, ನಿನಗಿಂತ ಐದಾರು ವರ್ಷ ದೊಡ್ಡವಳು. ಮಗಳು ತೀರಿಹೋದ ಮೇಲೆ ಇಬ್ಬರು ಮೊಮ್ಮಕ್ಕಳನ್ನು ಸಾಕುತ್ತಿದ್ದಾಳೆ. ಅವಳ ಮನೆಯೂ ಸರ್ಕಾರದ ನೆರವಿನಿಂದಲೇ ನಡೆಯುವುದು. ಒಂದು ವರ್ಷದಿಂದ ದಿನಾ ಬೆಳಿಗ್ಗೆ ಬಂದು ಅಮ್ಮಿಯನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸುತ್ತಾಳೆ. "ಮಿಸ್ ರಹಮತ್, ಇವತ್ತು ನನ್ನ ಸೊಂಟ ಮುರೀತೀಯೋ, ನಿನ್ನದೇ ಮುರ್ಕೋತೀಯೋ" ಎಂದು ಅವಳು ತನ್ನ ಇಂಗ್ಲಿಷಿನಲ್ಲಿ ಕೇಳಿದರೆ, ಅಮ್ಮಿ ನಮ್ಮ ಮಾತಿನಲ್ಲೇ "ನಿಂದೇ ಮುರಿಯಲಿ, ನಿಂಗ ಇನ್ನಾ ವಯಸ್ಸೈತಿ" ಎನ್ನುತ್ತಾಳೆ. ಇಬ್ಬರೂ ನಗುತ್ತಾರೆ. ನಾನು ಏನಾದರೂ ಕೊಡಲು ಹೋದರೆ ಅರ್ನೆಸ್ಟೀನ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ. ತಿಂಗಳಿಗೊಮ್ಮೆ ನೂರು ಡಾಲರ್ ಕೊಡುವುದು ನಿಜ, ಆದರೆ ಅದು ಅಮ್ಮಿಯ ಡಯಾಪರು, ಮುಲಾಮು, ಹಾಲಿಗೆ. ಬಸ್ಸಿನಲ್ಲಿ ಹೋಗಿ ಎಲ್ಲ ತಂದು, ಉಳಿದ ಚಿಲ್ಲರೆಯನ್ನು ಮೇಜಿನ ಮೇಲಿಟ್ಟು ಹೋಗುತ್ತಾಳೆ.

ಮಾರ್ಚ್ ತಿಂಗಳಲ್ಲಿ ನಮ್ಮ ಚೆಕ್ಕಿನ ತನಿಖೆಗೆ ಆಫೀಸಿನ ಹೆಂಗಸೊಬ್ಬಳು ಮನೆಗೆ ಬಂದಳು. ಚಹಾ ಕೊಟ್ಟೆ. ನಿನ್ನ ಹೆಂಡತಿಯನ್ನು ನೋಡಿಕೊಳ್ಳುವವರು ಯಾರು, ಮಗ ಇದ್ದಾನಲ್ಲ ಎಂದು ಕೇಳಿದಳು. ಮಗ ಬರುವುದಿಲ್ಲ, ಎದುರು ಮನೆಯವಳು ಪುಕ್ಕಟೆ ಬಂದು ಮೈ ತೊಳೆಯುತ್ತಾಳೆ ಎಂದು ಪರಕೀಯಳ ಮುಂದೆ ಹೇಳಲು ನನಗೆ ನಾಲಿಗೆ ಏಳಲಿಲ್ಲ, ಲುಬ್ನಾ. ನನ್ನ ಮಗನೇ ಆಳು ಗೊತ್ತು ಮಾಡಿದ್ದಾನೆ, ಒಂದು ವರ್ಷದಿಂದ ತಿಂಗಳಿಗೆ ನೂರು ಡಾಲರ್ ಕೂಲಿ ಕೊಡುತ್ತಿದ್ದೇವೆ ಎಂದುಬಿಟ್ಟೆ. ಹೆಸರು ಕೇಳಿದಳು, ಹೇಳಿದೆ. ಬಾಗಿಲ ನಂಬರನ್ನೂ ಹೇಳಿದೆ. ಅಷ್ಟು ಸಾಲದೆಂದು, ಬಹಳ ನಿಯತ್ತಿನ ಹೆಂಗಸು ಎಂದು ಹೊಗಳಿದೆ. ಅವಳು ಎಲ್ಲವನ್ನೂ ಬರೆದುಕೊಂಡು ಕಾಗದವನ್ನು ನನ್ನ ಮುಂದಿಟ್ಟಳು. ನಲವತ್ತು ವರ್ಷ ಬೇರೆಯವರ ಕರಡು ತಿದ್ದಿದ ನಾನು ನನ್ನದೇ ಸುಳ್ಳನ್ನು ಮೊದಲಿಂದ ಕೊನೆಯವರೆಗೆ ಓದಿ ಸಹಿ ಹಾಕಿದೆ.

ಏಪ್ರಿಲ್ ಕೊನೆಗೆ ಅರ್ನೆಸ್ಟೀನಳಿಗೆ ನೋಟೀಸು ಬಂತು. ಒಂದು ವರ್ಷದ ಕೂಲಿಯನ್ನು ಮುಚ್ಚಿಟ್ಟು ನೆರವು ಪಡೆದಿದ್ದಾಳೆ, ಇದು ಮೋಸ, ಆದ್ದರಿಂದ ನೆರವು ಬಂದ್ ಎಂದು. ಈ ತಿಂಗಳ ಬಾಡಿಗೆಯನ್ನು ಅವಳು ಕಟ್ಟಿಲ್ಲ. ಮಾಲೀಕ ಕಾಯುವವನಲ್ಲ, ಅವಳು ಬಿಟ್ಟರೆ ಎರಡು ಪಟ್ಟು ಕೊಟ್ಟು ಬರುವವರಿದ್ದಾರೆ. ಮನೆ ಹೋದರೆ ಮಕ್ಕಳನ್ನೂ ತನ್ನಿಂದ ತೆಗೆದುಕೊಂಡು ಹೋಗುತ್ತಾರೆಂದು ಅವಳಿಗೆ ಭಯ. ಬರುವ ಗುರುವಾರ ಹತ್ತು ಗಂಟೆಗೆ ವಿಚಾರಣೆ. ನೋಟೀಸಿನಲ್ಲಿ ನನ್ನ ಹೆಸರಿಲ್ಲ. ಕೆಳಮನೆಯವಳು ಚಾಡಿ ಹೇಳಿರಬೇಕೆಂದು ಅವಳ ಅನುಮಾನ. ಮೊನ್ನೆ ಅಮ್ಮಿಯ ಬೆನ್ನಿಗೆ ನೀರು ಹಾಕುತ್ತಲೇ, "ಮಿಸ್ಟರ್ ಮೆಹಬೂಬ್, ಕೂಲಿ ಕೊಟ್ಟಿಲ್ಲ ಅಂತ ನೀನು ಬಂದು ಹೇಳು. ನಾನು ಹೇಳಿದ್ರೆ, ಇವರೆಲ್ಲ ಹೀಗೇ ಅಂತ ಮೊದಲೇ ತೀರ್ಮಾನ ಮಾಡಿರ್ತಾರೆ. ನಿನ್ನ ಮಾತಾದ್ರೆ ಕೇಳ್ತಾರೆ" ಎಂದಳು. ನಾನು ಹೂಂ ಎಂದೆ.

ಸಲಹೆ ಕೇಳೋಣವೆಂದು ಶನಿವಾರ ಸರಟೋಗಾದ ದ್ವಾರಕಾನಾಥರ ಮನೆಗೆ ಹೋಗಿದ್ದೆ. ಮೈಸೂರಿನವರು, ದೊಡ್ಡ ಎಂಜಿನಿಯರು. ಇಲ್ಲಿನ ಕನ್ನಡದವರ ಪತ್ರಿಕೆಯ ಕರಡು ತಿದ್ದಲು ನನ್ನನ್ನು ಕಾರಿನಲ್ಲಿ ಕರೆಸಿಕೊಳ್ಳುತ್ತಾರೆ. ಊಟಕ್ಕೆ ಕೂತಾಗ ಮಾತು ತಾನಾಗಿಯೇ ಈ ಹೊಸ ಕಾನೂನಿನತ್ತ ತಿರುಗಿತು. ಅವರ ಹೆಂಡತಿ ಮೈಥಿಲಿ, "ನಿಮ್ಮ ವಿಷ್ಯ ಬೇರೆ ಬಿಡಿ ಚಾಚಾ, ನೀವು ನಮ್ಮೋರು. ಆ ಜನ ತಲೆಮಾರುಗಟ್ಲೆ ವೆಲ್ಫೇರಲ್ಲೇ ಕೂತಿದಾರೆ. ಕಟ್ ಮಾಡಿದ್ರೇನೇ ಕೆಲಸಕ್ಕೆ ಹೋಗೋದು" ಎಂದರು. ಒಳ್ಳೆಯ ಹೆಣ್ಣುಮಗಳು, ಅಮ್ಮಿಗೆಂದು ಡಬ್ಬಿಯಲ್ಲಿ ಪಾಯಸ ತುಂಬಿಸಿಟ್ಟಿದ್ದರು. ದ್ವಾರಕಾನಾಥರ ತಾಯಿಗೂ ನನ್ನಂಥದೇ ಚೆಕ್ಕು ಬರುತ್ತದೆ. ಅದು ಸಿಗಲೆಂದು ಮಹಡಿಯ ಕೋಣೆಯನ್ನು ಬೇರೆ ಮನೆಯೆಂದು ಬರೆಸಿದ್ದಾರೆ. ಆ ಅಜ್ಜಿ ಅನ್ನದ ಮೇಲೆ ಕಣ್ಣಿಟ್ಟು ಕೂತಿದ್ದರು. ಸಲಹೆ ಕೇಳುವುದನ್ನು ಬಿಟ್ಟು ನಾನೂ ತುಪ್ಪ ಹಾಕಿಸಿಕೊಂಡು ಉಂಡು ಬಂದೆ.

ಮಾಝ್‌ಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಅಬ್ಬಾ, ಸುಳ್ಳು ಬರಸಿದ್ದೆ ಅಂತ ನೀವಽ ಹೋಗಿ ಹೇಳಿದ್ರ ನಿಮ್ಮ ಸಹಿ ನಿಮ್ಮ ಕುತ್ತಿಗಿಗೆ ಬರ್ತದ. ಇಂಟರ್‌ವ್ಯೂ ಹೋತು, ಚೆಕ್ಕು ಹೋತು, ಅಮ್ಮಿ ಔಷಧ ಹೋತು. ನನ್ನ ಮನಿಯಾಗ ಕಾಲು ಚಾಚಾಕ ಜಾಗಿಲ್ಲ. ಅಕಿ ನಮಗೇನಾಗಬೇಕು?" ಎಂದ. ಆಮೇಲೆ ಅತ್ತ. ಅವನು ಅತ್ತದ್ದನ್ನು ನಾನು ಕೇಳಿದ್ದು ಇಪ್ಪತ್ತು ವರ್ಷಗಳ ಮೇಲೆ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅಕಿ ನಮಗೇನಾಗಬೇಕು ಎಂಬುದೊಂದಕ್ಕೆ ಮಾತ್ರ ನನ್ನ ಬಳಿ ಉತ್ತರವಿತ್ತು, ಆದರೆ ಅದನ್ನು ಹೇಳಿದ್ದರೆ ಅವನಿಗೆ ಇನ್ನೂ ನೋವಾಗುತ್ತಿತ್ತು.

ಶನಿವಾರದ ಆ ಊಟದ ಮೇಲೆ ನಾನು ಅನ್ನ ಮುಟ್ಟಿಲ್ಲ. ಅಮ್ಮಿಗೆ ಏನೂ ಗೊತ್ತಿಲ್ಲ. ಪಿತ್ತ ಆಗಿರಬೇಕು, ಶುಂಠಿ ಕುದಿಸಿ ಕುಡಿ ಎನ್ನುತ್ತಾಳೆ. ನಿನ್ನ ಯಜಮಾನರಿಗೆ ನನ್ನ ಸಲಾಂ. ಸಮ್ರೀನ್ ಪರೀಕ್ಷೆಯಲ್ಲಿ ಪಾಸಾದರೆ ಅವಳಿಗೊಂದು ಪೆನ್ನು ಕೊಡಿಸು, ತಾತ ಕೊಟ್ಟನೆಂದು ಹೇಳು. ಅಲ್ಲಾಹ್ ನಿಮ್ಮನ್ನು ಯಾರ ಮುಂದೆಯೂ ಕೈಚಾಚದಂತೆ ಇಡಲಿ. ಚಾಚಬೇಕಾಗಿ ಬಂದರೆ ಅದನ್ನು ಮುಚ್ಚಿಡುವ ಬುದ್ಧಿ ಮಾತ್ರ ಕೊಡದಿರಲಿ.

ನಿನ್ನ ಅಬ್ಬಾ,
ಮೆಹಬೂಬ್ ಸಾಬ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಎದುರು ಮನೆಗೆ ಹೋಗಿ ಬಂದೆ. ಬರೆಸಿದವನು ನಾನೇ ಎಂದು ಹೇಳಿದೆ. ಅರ್ನೆಸ್ಟೀನ್ "ಯಾಕೆ?" ಎಂದಳು. ಉತ್ತರಕ್ಕೆ ಕಾಯದೆ ಬಾಗಿಲು ಹಾಕಿಕೊಂಡಳು. ಗುರುವಾರ ಹೋಗಿ ಆ ಕಾಗದ ಸುಳ್ಳೆಂದು ಹೇಳುತ್ತೇನೆ. ಈ ಪತ್ರ ನಿನ್ನ ಕೈಸೇರುವಷ್ಟರಲ್ಲಿ ಅದು ಮುಗಿದಿರುತ್ತದೆ, ಆದ್ದರಿಂದ ಬೇಡವೆನ್ನಲು ಫೋನು ಮಾಡಬೇಡ. ಅಮ್ಮಿಯನ್ನು ನಿನ್ನಲ್ಲಿ ಇಟ್ಟುಕೊಳ್ಳಲು ಆಗುತ್ತದೆಯೇ? ಒಂದು ಟಿಕೆಟ್ಟಿಗಾಗುವಷ್ಟು ಇದೆ, ಊರಿಗೆ ಹೊರಟವರು ಯಾರಾದರೂ ಜೊತೆಗೆ ಕರೆತರುತ್ತಾರೆ. ನನಗೆ ಜಾಗ ಕೇಳುತ್ತಿಲ್ಲ. ಆಗದಿದ್ದರೆ ಆಗದೆಂದೇ ಬರೆ, ಆದರೆ ಬೇಗ ಬರೆ. ನಾಳೆ ಬೆಳಿಗ್ಗೆ ಅವಳನ್ನು ಒಬ್ಬನೇ ಎತ್ತಿ ಕೂರಿಸುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.