ತೊಂಬತ್ತರ ಬದಲು ಒಂದು ಮೀಟರ್

೪ ನವೆಂಬರ್ ೨೦೨೩, ಶನಿವಾರ. ಬೆಳಿಗ್ಗೆ ೭

ಬೀಪಿ ಮಾತ್ರೆ ಆಯಿತು. ಚಹಾನೂ ಆಯಿತು. ರೈಡಿಂಗ್ ಸ್ಕೂಲಿನ ಬೆಂಚು, ಎಂದಿನ ಜಾಗ. ಎದುರಿಗೆ ಪೂರ್ವಿ, ಬೇಗಂ ಮೇಲೆ. ಮೊಮ್ಮಗಳಿಗೆ ಹದಿಮೂರು, ಕುದುರೆಗೆ ಹದಿನೈದು. ಇಬ್ಬರಿಗೂ ಮೂಗಿನ ತುದಿಯಲ್ಲೇ ಸಿಟ್ಟು. ನನಗೆ ಇಬ್ಬರ ಮೇಲೂ ಜೀವ.

ಕೋಚ್ ಮಿಲಿಂದ ಇವತ್ತು ಮತ್ತೆ ಪಾಠ ಹೇಳಿದ. ನನಗೆ, ಮಲಕಪೇಟೆ ಕುದುರೆ ರೇಸ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕ್ಲಾರ್ಕ್ ಆಗಿದ್ದ ಮನುಷ್ಯನಿಗೆ! ರೇಸಿನಲ್ಲಿ ರೇಟಿಂಗ್ ಕುದುರೆಗೆ. ಇಲ್ಲಿ, ಬೇಲಿ ಹಾರಿಸುವ ಸ್ಪರ್ಧೆಯಲ್ಲಿ, ಶೋಗೇ ರೇಟಿಂಗ್ ಅಂತೆ. ಒಂದು ಸ್ಟಾರ್ ಶೋ ಅಂದರೆ ಪಾಯಿಂಟ್ ಕಡಿಮೆ, ಮೂರು ಸ್ಟಾರ್ ಅಂದರೆ ಜಾಸ್ತಿ. ಸ್ಟಾರೇ ಇಲ್ಲದ ಶೋ ಗೆದ್ದರೆ ರಿಬ್ಬನ್ ಮಾತ್ರ, ಗೋಡೆಗೆ ಹಚ್ಚಿಕೊಳ್ಳಬಹುದು. ಸ್ಟಾರ್ ಇರುವ ಐದು ಶೋ ಸೇರಿ ಒಂದು ಸರ್ಕ್ಯೂಟ್. ಮೂರರಲ್ಲಿ ಪಾಯಿಂಟ್ ಬಂದರೆ ಫೈನಲ್ಸ್.

ಪೂರ್ವಿಗೆ ಎರಡರಲ್ಲಿ ಪಾಯಿಂಟ್ ಬಂದಿದೆ. ಇನ್ನೊಂದು ಬೇಕು. ಉಳಿದಿರುವುದೂ ಒಂದೇ ಶೋ, ಹತ್ತೊಂಬತ್ತಕ್ಕೆ, ಇಲ್ಲೇ. ಮುಂದಿನ ವರ್ಷ ಅವಳ ವಯಸ್ಸಿನ ಗುಂಪು ಬದಲು, ಎಲ್ಲ ಮೊದಲಿಂದ.

‘ಎಂಟ್ರಿ ಫಾರ್ಮ್ ನಾ ತುಂಬ್ತೀನಿ ಬಿಡಪಾ’ ಅಂದೆ. ಫಾರ್ಮಿನ ವಿಷಯದಲ್ಲಿ ನನಗೆ ಹೇಳಿಕೊಡುವವನು ಇನ್ನೂ ಹುಟ್ಟಿಲ್ಲ.

೬ ನವೆಂಬರ್, ಸೋಮವಾರ. ಮಧ್ಯಾಹ್ನ

ತುಂಬಿದೆ, ಲ್ಯಾಪ್‌ಟಾಪಿನಲ್ಲಿ. ಹೆಸರು, ವಯಸ್ಸು, ಕುದುರೆಯ ಪಾಸ್‌ಪೋರ್ಟ್ ನಂಬರ್. ಬೇಗಂಗೆ ಪಾಸ್‌ಪೋರ್ಟ್ ಇದೆ, ನನಗಿಲ್ಲ...

ಬೇಲಿಯ ಎತ್ತರ ಎಂಬ ಕಡೆ ಒಂದು ಮೀಟರ್ ಒತ್ತಿದೆ. ಪಾಯಿಂಟ್ ಬಂದ ಎರಡೂ ಶೋದಲ್ಲಿ ತೊಂಬತ್ತು ಸೆಂಟಿಮೀಟರ್ ಇತ್ತು. ಗೆದ್ದ ಕುದುರೆಯನ್ನು ಅದೇ ಕ್ಲಾಸಿನಲ್ಲಿ ಯಾರು ಬಿಡುತ್ತಾರೆ? ಮೇಲಿನ ಕ್ಲಾಸಿಗೆ ಹೋಗಲೇಬೇಕು. ಯಾರನ್ನೂ ಕೇಳಲಿಲ್ಲ. ಕೇಳುವಂಥದ್ದೇನಿದೆ.

೯ ನವೆಂಬರ್, ಗುರುವಾರ

ಮಿಲಿಂದ ಎಂಟ್ರಿ ಪಟ್ಟಿ ನೋಡಿ ಹಣೆ ಹಿಡಿದುಕೊಂಡ.

‘ಕಾಕಾ, ಇದೇನ್ ಮಾಡೀರಿ? ಮೂರೂ ಶೋದ ಪಾಯಿಂಟ್ ಒಂದೇ ಎತ್ತರದಾಗ ಬರಬೇಕ್ರಿ. ಒಂದ್ ಮೀಟರಿನ್ಯಾಗ ಫಸ್ಟ್ ಬಂದ್ರೂ ತೊಂಬತ್ತರ ಲೆಕ್ಕಕ್ಕ ಸೇರಂಗಿಲ್ಲ.’

ಎಂಟ್ರಿ ನಿನ್ನೆ ಸಂಜೆ ಐದಕ್ಕೇ ಬಂದ್.

ಹಿಂದೆ ಪೂರ್ವಿ ನಿಂತಿದ್ದಳು, ಹೆಲ್ಮೆಟ್ ಕೈಯಲ್ಲಿ. ‘ಅಜ್ಜಾ, ನನಗ ಒಂದ್ ಮಾತು ಕೇಳಬೇಕಿತ್ತಿಲ್ಲೋ?’ ಅಷ್ಟೇ. ಆಟೋದಲ್ಲಿ ನಾರಾಯಣಗೂಡದ ಮನೆ ಬರುವವರೆಗೂ ಹೆಲ್ಮೆಟ್ ತೊಡೆಯ ಮೇಲಿಟ್ಟು ಹೊರಗೇ ನೋಡುತ್ತ ಕೂತಳು. ರಾತ್ರಿ ಊಟವೂ ಬೇಡ ಅಂದಳು. ರೇಸಿನ ಬುದ್ಧಿಯನ್ನು ತಂದು ಶೋಗೆ ಹಚ್ಚಿದೆ. ನನ್ನ ಮೇಲೆ ನನಗೇ ಅಸಹ್ಯ.

೧೪ ನವೆಂಬರ್, ಮಂಗಳವಾರ

ದೀಪಾವಳಿ ಹಾಗೇ ಹೋಯಿತು. ಪೂರ್ವಿ ಒಂದು ಸುರಸುರಬತ್ತಿಯನ್ನೂ ಹಚ್ಚಲಿಲ್ಲ.

ಇವತ್ತು ಶೋ ನಡೆಸುವವರ ಆಫೀಸಿಗೆ ಹೋದೆ. ಸೆಕ್ರೆಟರಿ ಉಮಾಶ್ರೀ ಅಂತ, ನಮ್ಮ ಗುಲ್ಬರ್ಗಾ ಕಡೆಯ ಹುಡುಗಿ. ಕಂಪ್ಯೂಟರ್ ಕೈಕೊಟ್ಟಿತು ಅಂತ ಹೇಳಬೇಕೆಂದು ಬಸ್ಸಿನಲ್ಲೆಲ್ಲ ಬಾಯಿಪಾಠ ಮಾಡಿದ್ದೆ. ಅವಳೆದುರು ಕೂತಾಗ ನಿಜವೇ ಬಂತು.

‘ತಪ್ಪು ನಂದೇ, ತಾಯಿ. ಹುಡುಗೀದಲ್ಲ. ಎತ್ತರ ತೊಂಬತ್ತಕ್ಕ ತಿದ್ದಿಕೊಡು.’

‘ಎಂಟ್ರಿ ಎಂಟನೇ ತಾರೀಕ ಐದಕ್ಕ ಮುಗದೈತ್ರಿ, ಅಜ್ಜಾರ. ನಿಮಗ ತೆಗದ್ರ ಎಲ್ಲಾರಿಗೂ ತೆಗೀಬೇಕಾಗತೈತಿ.’

ಈ ಮಾತನ್ನು ನಾನೇ ಎಷ್ಟು ಜನಕ್ಕೆ ಹೇಳಿಲ್ಲ! ಐದು ಹೊಡೆದ ಮೇಲೆ ರೇಸ್ ಆಫೀಸಿಗೆ ಓಡೋಡಿ ಬಂದ ಕುದುರೆ ಮಾಲೀಕರ ಮುಖದ ಮೇಲೆ ಕಿಟಕಿ ಮುಚ್ಚಿದವನು. ಹೆಮ್ಮೆ ಬೇರೆ ಪಡುತ್ತಿದ್ದೆ. ‘ನೀ ಹೇಳೋದು ಖರೆ’ ಅಂದು ಎದ್ದೆ. ಪಾಪ, ನೀರು ಕೊಟ್ಟಳು.

ಮನೆಗೆ ಬಂದು ಪೂರ್ವಿಗೆ ಎಲ್ಲ ಹೇಳಿದೆ. ‘ಹೆಸರು ತಗಸ್ಲೇನವಾ?’

‘ಬ್ಯಾಡ. ಹೋಗ್ತೀನಿ. ಬೇಗಂ ಒಂದ್ ಮೀಟರ್ ಹಾರ್ತಾಳ.’

ಐದು ದಿನದ ಮೇಲೆ ಇಷ್ಟು ಮಾತು. ಸಾಕು ನನಗೆ.

೧೯ ನವೆಂಬರ್, ಭಾನುವಾರ. ಸಂಜೆ

ಶರ್ಟೂ ಬದಲಿಸದೆ ಬರೆಯಲು ಕೂತಿದ್ದೇನೆ.

ಹನ್ನೆರಡು ಬೇಲಿ. ಎಂಟು ಹೂವಿನ ಹಾಗೆ ದಾಟಿದರು. ಒಂಬತ್ತನೆಯದಕ್ಕೆ ಬೇಗಂ ಹಿಂಗಾಲು ತಾಗಿ ಒಂದು ಕಂಬ ಬಿತ್ತು. ಉಳಿದ ಮೂರು ಶುದ್ಧ. ಆರನೇ ಸ್ಥಾನ. ತೊಂಬತ್ತರ ಕ್ಲಾಸನ್ನೂ ನೋಡಿದೆ. ಅದರಲ್ಲಿ ಇವಳಿದ್ದಿದ್ದರೆ... ಬೇಡ, ಬರೆಯುವುದಿಲ್ಲ.

ಫೈನಲ್ಸ್ ಪಟ್ಟಿ ಅಂಟಿಸಿದರು. ಎರಡು ಸಲ ಓದಿದೆ. ಪೂರ್ವಿಯ ಹೆಸರಿಲ್ಲ.

ಅವಳೂ ಓದಿದಳು. ಕಣ್ಣು ಕೆಂಪು. ಬೈಯಲಿ, ಎಲ್ಲರೆದುರೇ ಬೈಯಲಿ ಅಂತ ಕಾಯುತ್ತಿದ್ದೆ. ಬಂದು ಬೇಗಂನ ಲಗಾಮು ನನ್ನ ಕೈಗಿಟ್ಟಳು.

‘ಹಿಡಿ.’

ನಿಜ ಬರೆಯಬೇಕು. ಸಾವಿರ ಕುದುರೆಗಳ ಹೆಸರು, ಅಪ್ಪ, ಅಮ್ಮ, ಹೊತ್ತ ಭಾರ ಎಲ್ಲ ಗೊತ್ತಿದ್ದ ಮನುಷ್ಯ ನಾನು. ಎಲ್ಲ ಕಾಗದದ ಮೇಲೆ. ಒಂದನ್ನಾದರೂ ಕೈಯಲ್ಲಿ ಹಿಡಿದಿದ್ದಿಲ್ಲ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

‘ಅಂಜಬ್ಯಾಡ ಅಜ್ಜಾ, ಕಚ್ಚಂಗಿಲ್ಲ. ಬೆವರು ಆರೋತನಾ ಅಡ್ಡಾಡಸು. ನಾ ಅಲ್ಲಿ ಕುಂತು ಸ್ವಲ್ಪ ಅಳ್ತೀನಿ.’

ಹೋಗಿ ಬೇವಿನ ಮರದ ಕೆಳಗೆ ಕೂತಳು. ನಾನು ಅಡ್ಡಾಡಿಸಿದೆ. ಬೇಗಂ ಭಾಳ ಒಳ್ಳೆಯವಳು, ನನ್ನ ಮೊಣಕಾಲಿನ ನಡಿಗೆಗೇ ನಡೆದಳು. ನಾಲ್ಕು ಸುತ್ತು, ಐದು. ನಡುನಡುವೆ ನನ್ನ ಶರ್ಟಿಗೆ ಮೂತಿ ಒರೆಸಿದಳು. ಬೆವರು ಯಾವಾಗಲೋ ಆರಿತ್ತು. ಪೂರ್ವಿ ಇನ್ನೂ ಎದ್ದಿರಲಿಲ್ಲ. ಮತ್ತೊಂದು ಸುತ್ತು ಹೊರಟೆವು, ಅದಾದ ಮೇಲೆ ಮತ್ತೊಂದು —