ಹಾವಿನ ಆಟದ ಪಟ್ಟಿ

೧೪-೭-೨೦೨೪, ಭಾನುವಾರ

ಇವತ್ತು ಒತ್ತಿದ ಒಂದು ಕೀ ಇನ್ನೂ ಬೆರಳನ್ನು ಬಿಟ್ಟಿಲ್ಲ.

ಕೊಪ್ಪದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಕಾಲದ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ, ಆಡಲು ಬರುವಂಥ ಹಳೇ ಗೇಮ್ ಹುಡುಕಿದೆ. ಎರಡು ತೆರೆಯಲೇ ಇಲ್ಲ, ಕಾರಿನದು ಅರ್ಧಕ್ಕೆ ನಿಂತಿತು. ಹಾವಿನ ಆಟ ಮಾತ್ರ ಗಟ್ಟಿ. ಅದರಲ್ಲಿ ನನ್ನನ್ನು ಮೀರಿಸಿದವರು ತಾಲ್ಲೂಕಿನಲ್ಲೇ ಇರಲಿಲ್ಲವೆಂದು ಇಪ್ಪತ್ತು ವರ್ಷದಿಂದ ನಮ್ಮ ಜೆರಾಕ್ಸ್ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ. ಅಂಕಗಳ ಪಟ್ಟಿ ತೆರೆದರೆ ಮೊದಲ ಐದು ಸಾಲೂ ಸುಮತಿ. ಆಗ ನನ್ನ ಕ್ಲಾಸಿನ ಹುಡುಗಿ, ಈಗ ಹೆಂಡತಿ. ನಾನು ಆರನೆಯವನು.

ಅವಳ ಹೆಜ್ಜೆ ಸದ್ದಾಯಿತು. ಪಟ್ಟಿಯನ್ನೇ ಅಳಿಸಿಬಿಟ್ಟೆ.

"ಅದ್ರಲ್ಲಿ ನನ್ ಹೆಸ್ರು ಇತ್ತಲ್ಲ, ತೋರ್ಸಿ ಮಾರಾಯ್ರೆ."

"ಹಳೇದೆಲ್ಲ ಹೋಗಿದೆ ಕಣೆ. ಮಷೀನಿಗೆ ವಯಸ್ಸಾಯ್ತು."

"ಮಷೀನಿಗಾ?" ಎಂದು ನಕ್ಕು ಕೂತಳು. ಒಂದೇ ಆಟದಲ್ಲಿ ನನ್ನ ಹಳೇ ಅಂಕವನ್ನು ದಾಟಿದಳು. ಪಟ್ಟಿಗೆ ಸೇರಿಸಲು ಗೇಮ್ ಹೆಸರು ಕೇಳಿದಾಗ ನನ್ನದನ್ನೇ ಒತ್ತಿದಳು.

"ಇರ್ಲಿ ಬಿಡಿ. ಅಂಗಡೀಲಿ ಹೇಳೋಕೆ ಬೇಕಲ್ಲ ನಿಮ್ಗೆ."

ಮಲಗಿದ್ದಾಳೆ. ಪಟ್ಟಿಯಲ್ಲಿ ಈಗ ನಾನೊಬ್ಬನೇ. ಊರಿಗೆಲ್ಲ ಮಾತು ಹಂಚುವ ಈ ಬಾಯಿಗೆ, ಅಳಿಸಿದ್ದು ನಾನೇ ಎಂಬ ಎರಡು ಮಾತು ಇನ್ನೂ ಬಂದಿಲ್ಲ.