ಕುಮಾರನ ರಕ್ತ, ನನ್ನ ಹೆಸರು

ಹೊಳೆನರಸೀಪುರ
14-7-2024

ಪ್ರೀತಿಯ ಭವ್ಯಾ,

ನೀನೂ ಮಗು ಮಾನ್ಯಳೂ ಕ್ಷೇಮವೆಂದು ನಂಬಿದ್ದೇನೆ. ನೀನು ತವರಿಗೆ ಹೋಗಿ ಇಪ್ಪತ್ತು ದಿನವಾಯಿತು, ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಇನ್ನೊಂದು ಸುಳ್ಳು ಹೇಳಿಬಿಡುತ್ತೇನೆ. ಅದಕ್ಕೇ ಈ ಕಾಗದ.

ನಿನ್ನೆ ಹಾಸನದ ಆಸ್ಪತ್ರೆಯಿಂದ ಸುವರ್ಣಮ್ಮ ಸಿಸ್ಟರ್ ಫೋನ್ ಮಾಡಿದ್ದರು. ಮೂರು ಇಂಜೆಕ್ಷನ್‌ನಲ್ಲಿ ನೀನು ಒಂದೇ ತಗೊಂಡಿದ್ದೀಯಂತೆ. "ಯಾರಾದ್ರೂ ನೋಡ್ತಾರೆ ಅಂತ ಬರ್ತಿಲ್ಲ ಕಣಪ್ಪಾ. ಈಗ ಮೊದಲಿಂದ ಶುರು ಮಾಡ್ಬೇಕು" ಎಂದರು. ಮಾನ್ಯ ಇನ್ನೂ ಚಿಕ್ಕವಳು, ಈಗಲೇ ಇನ್ನೊಂದು ಮಗು ಬೇಡವೆಂದು ನಾವಿಬ್ಬರೂ ಸೇರಿಯೇ ತೀರ್ಮಾನಿಸಿದ್ದೆವು. ಗರ್ಭ ತೆಗೆಸಿದಾಗ ಎಲ್ಲರಿಗೂ ಮಾಡುವ ರಕ್ತಪರೀಕ್ಷೆಯಲ್ಲಿ ನಿನಗೆ ಸಿಫಿಲಿಸ್ ಇದೆಯೆಂದು ತಿಳಿದಾಗ ನೀನು ನನ್ನ ಮುಖ ನೋಡಿದೆ. ನಾನು ಗೋಡೆ ನೋಡಿದೆ.

ಭವ್ಯಾ, ನಿನ್ನದು ಏನೂ ತಪ್ಪಿಲ್ಲ. ಭತ್ತ ಕುಯ್ಯುವ ಮೆಷಿನ್ ಜೊತೆ ಊರೂರು ತಿರುಗುವಾಗ ನಾನು ಅಂಟಿಸಿಕೊಂಡು ಬಂದದ್ದು ಅದು. ಗಂಡನಿಗೂ ಪರೀಕ್ಷೆ ಆಗಬೇಕು ಎಂದಾಗ ಇಲ್ಲಿನ ಲ್ಯಾಬಿನಲ್ಲಿ ನನ್ನ ಹೆಸರು ಹೇಳಿ ಗೆಳೆಯ ಕುಮಾರನನ್ನು ಕೂರಿಸಿದೆ. ನ್ಯಾಯಕ್ಕೆ ಸೇರಿದ ಹಿರಿಯರ ಕೈಯಿಂದ ಕೈಗೆ ಓಡಾಡಿದ, ನನಗೆ ಕಾಯಿಲೆ ಇಲ್ಲವೆಂದ ಆ ರಿಪೋರ್ಟು ಅವನ ರಕ್ತದ್ದು. ಇಂಥ ಬುದ್ಧಿ ಓದುವಾಗ ಇದ್ದಿದ್ದರೆ ಎಸ್ಸೆಸ್ಸೆಲ್ಸಿಯಾದರೂ ಪಾಸಾಗುತ್ತಿದ್ದೆ.

"ನಮ್ಮುಡ್ಗ ಚಿನ್ನ ಕಣಪ್ಪಾ. ನಿನ್ ಮಗಳೇ ಎಲ್ಲಿಂದ್ಲೋ ತಂದವ್ಳೆ" ಎಂದು ಅವ್ವ ಕೂಗಾಡಿದಾಗ ನಿನ್ನಪ್ಪ ಎದ್ದು, ಹೆಗಲ ಟವೆಲು ತೆಗೆದು, "ತಪ್ಪಾಯ್ತು ಕಣವ್ವಾ" ಎಂದು ಕೈಮುಗಿದರು. ಬೋರಪ್ಪ ಮಾವ ಯಾರ ಮುಂದೆಯೂ ಹಾಗೆ ನಿಂತವರಲ್ಲ. ನಾನು ಅಲ್ಲೇ ಕೂತಿದ್ದೆ. ಊಟಕ್ಕೆ ಕೂತಾಗಲೆಲ್ಲ ಮುಗಿದ ಆ ಕೈ ಕಾಣುತ್ತದೆ.

ಇವತ್ತು ಬೆಳಿಗ್ಗೆ ಅವ್ವನಿಗೆ ಎಲ್ಲ ಹೇಳಿದೆ. ಒಲೆ ಆರಿಸಿ ಹೊರಗೆ ಜಗಲಿ ಮೇಲೆ ಕೂತಳು. ಆಮೇಲೆ, "ಓಗಿ ಆ ವಯ್ಯನ ಕಾಲು ಇಡ್ಕೊ. ನಾನೂ ಬತ್ತೀನಿ" ಎಂದಳು. ಮುಂದಿನ ಭಾನುವಾರ ಅದೇ ಹಿರಿಯರನ್ನು ಕರೆದುಕೊಂಡು ನಿಮ್ಮ ದಂಡಿಗನಹಳ್ಳಿಗೆ ಬರುತ್ತೇವೆ, ಎಲ್ಲರೆದುರೂ ಹೇಳುತ್ತೇನೆ. ನೀನು ನನ್ನ ಜೊತೆ ವಾಪಸ್ ಬರಬೇಕೆಂದು ಕೇಳುವುದಿಲ್ಲ, ಆ ಮುಖ ನನಗಿಲ್ಲ. ಆದರೆ ನನಗೋಸ್ಕರ ಕಾಯಬೇಡ. ಈ ಕಾಗದ ಸಿಕ್ಕ ಮರುದಿನವೇ ಮಾವನ ಜೊತೆ ಹಾಸನಕ್ಕೆ ಹೋಗಿ ಇಂಜೆಕ್ಷನ್ ಹಾಕಿಸಿಕೋ.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ಮಗೂಗೆ ಮುತ್ತು.

ನಿನ್ನ
ದಿಲೀಪ

ವಿ.ಸೂ.: ಹಾಸನಕ್ಕೆ ಹೋಗುವಾಗ ಮಾನ್ಯಳನ್ನೂ ಎತ್ತಿಕೊಂಡು ಹೋಗು, ಅವಳ ರಕ್ತವನ್ನೂ ಪರೀಕ್ಷೆ ಮಾಡಿಸು. ಮೇಲೆ ಇದನ್ನು ಬರೆಯಲು ಕೈ ಬರಲಿಲ್ಲ. ನನ್ನ ಕಾಯಿಲೆ ನನಗೆ ಗೊತ್ತಾಗಿ ಎರಡು ವರ್ಷ ಆಗುತ್ತಾ ಬಂತು. ಚನ್ನರಾಯಪಟ್ಟಣದಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟು, "ಹೆಂಡ್ತೀನೂ ಕರ್ಕೊಂಡ್ ಬಾ" ಎಂದರು. "ಮದುವೆ ಆಗಿಲ್ಲ ಸಾ" ಎಂದೆ. ಆಗ ಮಾನ್ಯ ನಿನ್ನ ಹೊಟ್ಟೆಯಲ್ಲಿ, ನಿನಗೆ ಐದು ತಿಂಗಳು.